ಕೈಬಿಟ್ಟ ಗುರಿಗೆ ಮತ್ತೆ ಮರಳುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಎಫ್‌ಡಿಎ, ಪಿಡಿಒ, ಟಿಇಟಿ ಅಂತ ಸರ್ಕಾರಿ ಕೆಲಸದ, ಮೇಷ್ಟ್ರ ಕೆಲಸದ ಪರೀಕ್ಷೆಗಳಿಗೆ ಓದುತ್ತಿರುವ ಹುಡುಗ ಹುಡುಗಿಯರ ಜೊತೆ ಶಿವಮೊಗ್ಗದಲ್ಲಿ ದಿನವೂ ಮಾತಾಡುವವನು ನಾನು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಪತ್ರ ಬರೆಯುವವರೂ ಇದ್ದಾರೆ, ವಾಟ್ಸಾಪಿನಲ್ಲಿ ಕೇಳುವವರೂ ಇದ್ದಾರೆ. ಒಬ್ಬರಿಗೆ ಸರ್ಕಾರಿ ಕೆಲಸ ಬೇಕು, ಇನ್ನೊಬ್ಬರಿಗೆ ಅರ್ಧಕ್ಕೆ ನಿಂತ ಬಿ.ಎ. ಮುಗಿಸಬೇಕು, ಮತ್ತೊಬ್ಬರಿಗೆ ದಿನಾ ಒಂದು ಗಂಟೆ ಹಾರ್ಮೋನಿಯಂ ಕಲಿಯಬೇಕು. ಎಲ್ಲರ ಮಾತೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ಕೆಲವು ದಿನ ಸುಮ್ಮನೆ ಕಳೆದುಹೋದವು, ಈಗ ಮತ್ತೆ ಹಿಡಿಯುವುದು ಹೇಗೆ? ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿಕೊಂಡರೂ ಸಾಕು.

## ಮೊದಲು ಕೇಳುವ ಪ್ರಶ್ನೆಗಳು

ನಾಲ್ಕು ದಿನ ಏನೂ ಮಾಡ್ಲಿಲ್ಲ ಸಾರ್. ನಾಳೆ ಎಲ್ಲಿಂದ ಶುರು ಮಾಡ್ಲಿ?

ನಿಂತ ಜಾಗದಿಂದ. ಸಾಧ್ಯವಿದ್ದರೆ ನಾಳೆಗೂ ಕಾಯದೆ ಇವತ್ತೇ.

ಇಂಥ ಹೊತ್ತಿನಲ್ಲಿ ಎಲ್ಲರಿಗೂ ಬರುವ ಮೊದಲ ಯೋಚನೆ ಹೊಸ ಟೈಮ್‌ಟೇಬಲ್ ಬರೆಯುವುದು. ಹೊಸ ನೋಟ್‌ಬುಕ್ ತರುತ್ತಾರೆ, ಸ್ಕೇಲ್ ಇಟ್ಟು ಗೆರೆ ಎಳೆಯುತ್ತಾರೆ, ಬೆಳಿಗ್ಗೆ ಐದರಿಂದ ರಾತ್ರಿ ಹನ್ನೊಂದರವರೆಗೆ ಬಣ್ಣ ಬಣ್ಣದ ಅಕ್ಷರದಲ್ಲಿ ತುಂಬುತ್ತಾರೆ. ಅಷ್ಟರಲ್ಲಿ ವಾಪಸ್ ಬಂದ ದಿನವೂ ಮುಗಿದಿರುತ್ತದೆ. ಹೊಸ ಟೈಮ್‌ಟೇಬಲ್ ಸದ್ಯಕ್ಕೆ ಬೇಡ. ಇಪ್ಪತ್ತು ನಿಮಿಷದಲ್ಲಿ ಮುಗಿಯುವ, ಇಲ್ಲಿಗೆ ಮುಗಿಯಿತು ಎಂದು ಬೆರಳಿಟ್ಟು ತೋರಿಸಬಹುದಾದ ಒಂದು ಕೆಲಸ ಆರಿಸಿ. "ಇತಿಹಾಸ ಓದಬೇಕು" ಎಂದು ಬರೆದುಕೊಂಡರೆ ಅದಕ್ಕೆ ತುದಿಯೂ ಇಲ್ಲ, ಬುಡವೂ ಇಲ್ಲ. "ಕೆಳದಿ ನಾಯಕರ ರಾಜಧಾನಿ ಇಕ್ಕೇರಿಯಿಂದ ಬಿದನೂರಿಗೆ ಹೋದ ಭಾಗ, ಮೂರು ಪುಟ" ಎಂದು ಬರೆದುಕೊಂಡರೆ ಪುಸ್ತಕ ತೆಗೆಯುವಾಗಲೇ ಯಾವ ಪುಟ ಎಂದು ಗೊತ್ತಿರುತ್ತದೆ.

ಅದನ್ನು ತಿಂಡಿಗೆ ಮೊದಲೇ ಮುಗಿಸಿ. ಮುಗಿದ ಮೇಲೆ ಇನ್ನೊಂದು ಮಾಡುವ ಮನಸ್ಸಾದರೆ ಮಾಡಿ, ಆಗದಿದ್ದರೆ ಅವತ್ತಿಗೆ ಅಷ್ಟೇ ಸಾಕು. ವಾಪಸ್ ಬಂದ ದಿನದ ಕೆಲಸ ಎಷ್ಟು ಪುಟ ಎಂಬುದರಲ್ಲಿಲ್ಲ, ಮತ್ತೆ ಕೂತದ್ದರಲ್ಲಿ ಇದೆ.

ಬಿಟ್ಟುಹೋದ ದಿನಗಳ ಓದನ್ನೂ ಸೇರಿಸಿ ಓದ್ಬೇಕಲ್ವಾ? ಇಲ್ಲಾಂದ್ರೆ ಬಾಕಿ ಹಾಗೇ ಉಳಿಯುತ್ತಲ್ಲ?

ಜನ ಹೆಚ್ಚು ಎಡವುವುದು ಇಲ್ಲೇ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ದಿನಕ್ಕೆ ಹತ್ತು ಪುಟ ಎಂದು ಇಟ್ಟುಕೊಂಡಿದ್ದೀರಿ. ನಾಲ್ಕು ದಿನ ತಪ್ಪಿತು. ಐದನೇ ದಿನ ಐವತ್ತು ಪುಟ ಓದುತ್ತೇನೆ ಎಂದು ಕೂರುತ್ತೀರಿ. ಮಾಮೂಲಿ ದಿನದಲ್ಲೇ ಹತ್ತು ಪುಟಕ್ಕೆ ಎರಡು ಗಂಟೆ ಹಿಡಿಯುತ್ತಿತ್ತು. ಐವತ್ತಕ್ಕೆ ಹತ್ತು ಗಂಟೆ. ಹದಿನೈದು ಪುಟಕ್ಕೆ ತಲೆ ಕೆಲಸ ನಿಲ್ಲಿಸುತ್ತದೆ. ನಿಜ ನೋಡಿದರೆ ಅವತ್ತು ನೀವು ದಿನದ ಪಾಲಿಗಿಂತ ಹೆಚ್ಚೇ ಓದಿದ್ದೀರಿ, ಆದರೆ ಮನಸ್ಸಿನ ಲೆಕ್ಕದಲ್ಲಿ ಮೂವತ್ತೈದು ಪುಟ ಸೋತಿದ್ದೀರಿ. ಆರನೇ ದಿನ ಪುಸ್ತಕದ ಕಡೆ ನೋಡುವುದಕ್ಕೂ ಬೇಜಾರು. ನಾಲ್ಕು ದಿನದ ಅಂತರ ಹದಿನೈದು ದಿನವಾಗುವುದು ಹೀಗೆ.

ಅಡಿಕೆ ತೋಟ ಇರುವವರಿಗೆ ನಾನು ಕೇಳುವುದು ಇಷ್ಟು. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಮಳೆ ಬಿಡುವು ಕೊಡದೆ ಒಂದು ಸುತ್ತು ತಪ್ಪಿಹೋಯಿತು ಎಂದು ಮುಂದಿನ ಸುತ್ತಿಗೆ ಎರಡು ಕೆ.ಜಿ. ಮೈಲುತುತ್ತ ಹಾಕುತ್ತೀರಾ? ಇಲ್ಲ. ಬಿಸಿಲು ಕಂಡ ಕೂಡಲೇ ಅದೇ ಪ್ರಮಾಣದಲ್ಲಿ ಕಲಸಿ ಹೊಡೆಯುತ್ತೀರಿ. ಓದಿಗೂ ಅದೇ ನ್ಯಾಯ. ತಪ್ಪಿದ ಮೇಲೆ ಬೇಕಾದದ್ದು ಬೇಗ ಬರುವುದು, ಪ್ರಮಾಣ ಹೆಚ್ಚಿಸುವುದಲ್ಲ.

ಹಾಗಾದರೆ ಬಾಕಿ ಏನಾಗಬೇಕು? ಪರೀಕ್ಷೆಯ ದಿನ ದೂರ ಇದ್ದರೆ ಇಡೀ ಪಟ್ಟಿಯನ್ನು ನಾಲ್ಕು ದಿನ ಮುಂದಕ್ಕೆ ತಳ್ಳಿ. ಹತ್ತಿರ ಇದ್ದರೆ ಕಡಿಮೆ ಅಂಕದ ಒಂದು ಪಾಠವನ್ನು ಕೈಬಿಡಿ, ಅದನ್ನು ಕೈಬಿಟ್ಟಿದ್ದೇನೆ ಎಂದು ಹಾಳೆಯ ಮೇಲೆ ಬರೆಯಿರಿ. ಬರೆಯದೆ ಬಿಟ್ಟ ಬಾಕಿ ದಿನಾ ತಲೆಯಲ್ಲಿ ಬಡ್ಡಿ ಬೆಳೆಸುತ್ತದೆ.

21 ದಿನ ಬಿಡದೆ ಮಾಡಿದ್ರೆ ಅಭ್ಯಾಸ ಆಗುತ್ತೆ ಅಂತಾರೆ. ನಂಗೆ 12ನೇ ದಿನ ತಪ್ಪೋಯ್ತು. ಮತ್ತೆ ಒಂದರಿಂದ ಎಣಿಸ್ಬೇಕಾ?

ಬೇಡ. ಈ 21ರ ಮೂಲ 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್ ಬರೆದ ಮಾತು. ಆಪರೇಷನ್ ಆದವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನ ಹಿಡಿಯುತ್ತದೆ ಎಂದು ಅವರು ಗಮನಿಸಿದ್ದರು. ಅದು ಬಾಯಿಂದ ಬಾಯಿಗೆ ಹೋಗಿ ಎಲ್ಲ ಅಭ್ಯಾಸಕ್ಕೂ ನಿಯಮವಾಗಿಬಿಟ್ಟಿತು. ಲಂಡನ್ನಿನಲ್ಲಿ ಸಂಶೋಧಕಿ ಫಿಲಿಪಾ ಲ್ಯಾಲಿ ಮತ್ತು ಜೊತೆಯವರು 96 ಜನರನ್ನು ಇಟ್ಟುಕೊಂಡು ನಿಜವಾಗಿಯೂ ಅಳೆದು ನೋಡಿದಾಗ ಸರಾಸರಿ 66 ದಿನ ಬಂತು. ಕೆಲವರಿಗೆ 18 ದಿನ ಸಾಕಾಗುವಂತಿತ್ತು, ಕೆಲವರ ಲೆಕ್ಕ 254ರವರೆಗೆ ಹೋಯಿತು. ನಿಮಗೆ ಬೇಕಾದ ಮಾತು ಅದರಲ್ಲೇ ಇದೆ: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆ ಆಗಲಿಲ್ಲ.

ನಿಮ್ಮ 13ನೇ ದಿನ 13ನೇ ದಿನವೇ.

ನನ್ನ ಮೇಲೇ ಸಿಟ್ಟು ಬರುತ್ತೆ. ಬೈದುಕೊಂಡ್ರೆ ತಾನೇ ಬುದ್ಧಿ ಬರೋದು?

ನಮ್ಮಲ್ಲಿ ಬಹುಪಾಲು ಜನ ಹಾಗೇ ಬೆಳೆದಿದ್ದೇವೆ. ಮೇಷ್ಟ್ರು ಬೈದರು, ಅಪ್ಪ ಬೈದರು, ಈಗ ಬೈಯುವವರು ಯಾರೂ ಇಲ್ಲ ಎಂದು ನಾವೇ ಬೈದುಕೊಳ್ಳುತ್ತೇವೆ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದವರು 119 ಮೊದಲ ವರ್ಷದ ವಿದ್ಯಾರ್ಥಿಗಳ ಮೇಲೆ ಮಾಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಮೊದಲ ಪರೀಕ್ಷೆಗೆ ಓದನ್ನು ಮುಂದೂಡಿ, ಆಮೇಲೆ ತಮ್ಮನ್ನು ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು. ನಾನು ಇಲ್ಲಿ ನೋಡುವುದೂ ಅದನ್ನೇ. ಬೈದುಕೊಂಡ ಹುಡುಗನಿಗೆ ಪುಸ್ತಕ ಕಂಡರೆ ಬೈಗುಳ ನೆನಪಾಗುತ್ತದೆ, ಹಾಗಾಗಿ ಪುಸ್ತಕವನ್ನೇ ನೋಡುವುದಿಲ್ಲ.

ಕ್ಷಮಿಸಿಕೊಳ್ಳುವುದು ಎಂದರೆ ಆದದ್ದನ್ನು ಸರಿ ಎನ್ನುವುದಲ್ಲ. "ಈ ವಾರ ಓದಲಿಲ್ಲ. ಓದಬೇಕಿತ್ತು. ಈಗ ಓದುತ್ತೇನೆ." ಈ ಮೂರು ವಾಕ್ಯದಲ್ಲಿ ಸುಳ್ಳೂ ಇಲ್ಲ, ಬೈಗುಳವೂ ಇಲ್ಲ.

ಸೋಮವಾರದಿಂದ ಶುರು ಮಾಡಿದ್ರೆ ಆಗಲ್ವಾ? ಅಥವಾ ಯುಗಾದಿಯಿಂದ?

ವಾರದ ಮೊದಲ ದಿನ, ಹೊಸ ವರ್ಷ, ಹುಟ್ಟುಹಬ್ಬ ಇಂಥ ದಿನಗಳಲ್ಲಿ ಜನರಿಗೆ ಹೊಸದಾಗಿ ಶುರು ಮಾಡುವ ಹುರುಪು ಹೆಚ್ಚಿರುತ್ತದೆ ಎಂದು 2014ರ ಒಂದು ಅಧ್ಯಯನ ತೋರಿಸಿದೆ. ಇವತ್ತು ಭಾನುವಾರವಾಗಿದ್ದರೆ ಆ ಹುರುಪನ್ನು ಬಳಸಿಕೊಳ್ಳಿ. ಇವತ್ತು ಮಂಗಳವಾರವಾಗಿದ್ದರೆ ಮಧ್ಯಾಹ್ನದ ಊಟವಾದ ಮೇಲೆ ಶುರು ಮಾಡಿ.

## ಮಳೆ, ಕೊಯ್ಲು, ಮನೆ

ಮಳೆಗಾಲದಲ್ಲಿ ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ಮನಸ್ಸೂ ಇಲ್ಲ. ಆರಿದ್ರೆಯಿಂದ ಆಶ್ಲೇಷದ ತನಕ ನಮ್ಮ ಕಡೆಯವರು ಏನ್ ಮಾಡ್ಬೇಕು?

ಬೆಂಗಳೂರಿನಲ್ಲಿ ಕೂತು ಯಾರೋ ಮಾಡಿದ ಟೈಮ್‌ಟೇಬಲ್ ಇಲ್ಲಿ ನಡೆಯುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಜೂನ್ ಕೊನೆಗೆ ಆರಿದ್ರೆ ಹಿಡಿಯುತ್ತದೆ, ಆಗಸ್ಟ್ ನಡುವಿಗೆ ಆಶ್ಲೇಷ ಮುಗಿಯುತ್ತದೆ. ಪ್ರತಿ ವರ್ಷ ಬರುವ ಮಳೆ ಇದು. ಗೊತ್ತಿದ್ದೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಪ್ಲಾನ್ ಮಾಡಿ, ಆಮೇಲೆ ನನ್ನಲ್ಲೇ ಏನೋ ದೋಷ ಇದೆ ಎಂದು ಕೊರಗುವುದು ಯಾಕೆ?

ಎರಡು ಪಟ್ಟಿ ಇಟ್ಟುಕೊಳ್ಳಿ. ಕರೆಂಟು, ನೆಟ್‌ವರ್ಕ್ ಇದ್ದಾಗ ಮಾಡುವ ಕೆಲಸ ಒಂದರಲ್ಲಿ: ವಿಡಿಯೊ ಪಾಠ, ಆನ್‌ಲೈನ್ ಪರೀಕ್ಷೆ, ಅರ್ಜಿ ತುಂಬುವುದು. ಎರಡೂ ಇಲ್ಲದಾಗ ಮಾಡುವುದು ಇನ್ನೊಂದರಲ್ಲಿ: ಹಳೆಯ ಪ್ರಶ್ನೆಪತ್ರಿಕೆ, ಕೈಯಲ್ಲಿ ಬರೆಯುವ ಪ್ರಬಂಧ, ಗಣಿತ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಮೇ ತಿಂಗಳಲ್ಲಿ ಪೇಟೆಗೆ ಬಂದಾಗಲೇ ಜೆರಾಕ್ಸ್ ಮಾಡಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ. ನಮ್ಮ ಮನೆಗಳಲ್ಲಿ ಜುಲೈ ಹೊತ್ತಿಗೆ ಕಾಗದ ಹಪ್ಪಳದ ಹಿಟ್ಟಿನಷ್ಟು ಮೆತ್ತಗಾಗುತ್ತದೆ, ಪೆನ್ನು ಓಡುವುದಿಲ್ಲ. ಕರೆಂಟು ಹೋಯಿತು ಎಂದರೆ ಎರಡನೇ ಪಟ್ಟಿ ಹೊರಗೆ ಬರಬೇಕು. ಆಗ ಏನು ಮಾಡಲಿ ಎಂದು ಯೋಚಿಸುವ ಪ್ರಸಂಗವೇ ಇರಬಾರದು.

ಮನಸ್ಸಿಲ್ಲ ಎನ್ನುವುದಕ್ಕೂ ಕಾರಣ ಇದೆ. ವಾರಗಟ್ಟಲೆ ಮೋಡ ಕವಿದು ಬೆಳಕು ಕಡಿಮೆಯಾದರೆ ಎದ್ದ ಮೇಲೂ ಮಂಪರು ಹೋಗುವುದಿಲ್ಲ. ಒಳಕೋಣೆ ಬಿಟ್ಟು ಜಗುಲಿಗೆ ಬನ್ನಿ, ಬೆಳಕು ಬರುವ ಕಡೆ ಮುಖ ಮಾಡಿ ಕೂರಿ. ಹಾಸಿಗೆಯ ಮೇಲೆ ಕಂಬಳಿ ಹೊದ್ದು ಓದುತ್ತೇನೆ ಎನ್ನುವವರು ಓದಿದ್ದನ್ನು ನಾನಂತೂ ಕಂಡಿಲ್ಲ.

ಅಡಿಕೆ ಕೊಯ್ಲು ಶುರುವಾದ್ರೆ ಎರಡು ಮೂರು ತಿಂಗಳು ಪುಸ್ತಕ ಮುಟ್ಟಕ್ಕೇ ಆಗಲ್ಲ. ಆಮೇಲೆ ಎಲ್ಲಾ ಮರೆತಿರುತ್ತೆ. ಏನ್ ಮಾಡೋದು?

ಮೊದಲು ಒಂದು ಮಾತು. ಆ ತಿಂಗಳುಗಳನ್ನು ವ್ಯರ್ಥ ದಿನಗಳ ಲೆಕ್ಕಕ್ಕೆ ಸೇರಿಸಬೇಡಿ. ಹಗಲು ಮರ ಹತ್ತಿ ಕೊನೆಗಾರ ಇಳಿಸಿದ ಅಡಿಕೆ ಕೊನೆ (ಗೊನೆ) ಹೊರುವುದು, ಸಂಜೆಯಿಂದ ರಾತ್ರಿ ಹತ್ತರ ತನಕ ಸುಲಿಯುವುದು, ಬೆಳಿಗ್ಗೆ ಬೇಯಿಸಿ ಹರವುವುದು, ಮೋಡ ಕಂಡರೆ ಓಡಿಹೋಗಿ ಬಳಿದು ತುಂಬುವುದು. ಮನೆಯ ವರ್ಷದ ಅನ್ನ ಅದರಲ್ಲಿದೆ. ಹೀಗೆ ದುಡಿದ ಹುಡುಗಿ "ನಾನು ಸೋಮಾರಿ" ಎಂದು ಪತ್ರ ಬರೆದಾಗ ನನಗೆ ಬಹಳ ನೋವಾಗುತ್ತದೆ.

ಆ ದಿನಗಳಲ್ಲಿ ಗುರಿಯನ್ನು ಮುಂದಕ್ಕೆ ಒಯ್ಯುವ ಆಸೆ ಬಿಡಿ, ಮರೆಯದಂತೆ ಹಿಡಿದಿಟ್ಟುಕೊಂಡರೆ ಸಾಕು. ಅದಕ್ಕೆ ಪುಸ್ತಕ ಬೇಕಿಲ್ಲ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತಾಗ ಬೆರಳಿಗೆ ಅಡಿಕೆಯ ಕರೆ ಹತ್ತಿರುತ್ತದೆ, ಕಣ್ಣು ಕತ್ತಿಯ ಮೇಲಿರಬೇಕು, ಆದರೆ ಬಾಯಿ ಖಾಲಿ ಇರುತ್ತದೆ. ಬೆಳಿಗ್ಗೆ ಒಂದು ಚೀಟಿಯಲ್ಲಿ ಐದು ಪ್ರಶ್ನೆ ಬರೆದು ಪಕ್ಕದಲ್ಲಿ ಕೂರುವ ತಂಗಿಯ ಕೈಗೆ ಕೊಡಿ. ಅವಳು ಕೇಳಲಿ, ನೀವು ಹೇಳಿ. ತಪ್ಪಿದ್ದನ್ನು ಮಾತ್ರ ರಾತ್ರಿ ಪುಸ್ತಕದಲ್ಲಿ ನೋಡಿ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಓದಿದ್ದನ್ನೇ ಮತ್ತೆ ಮತ್ತೆ ಓದಿದವರಿಗಿಂತ ಪುಸ್ತಕ ಮುಚ್ಚಿ ನೆನಪು ಮಾಡಿಕೊಂಡವರಿಗೆ ವಾರದ ಮೇಲೆ ಹೆಚ್ಚು ನೆನಪಿತ್ತು ಎಂದು ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದ್ದಾರೆ.

ನೆಂಟರು, ಹಬ್ಬ, ಜಾತ್ರೆ, ಅತ್ತೆಗೆ ಹುಷಾರಿಲ್ಲ... ನನ್ನ ಸಮಯ ನನ್ನ ಕೈಲೇ ಇಲ್ಲ. ನಮ್ಮಂಥವರಿಗೆ ಗುರಿ ಗಿರಿ ಎಲ್ಲ ಆಗುತ್ತಾ?

ಮುಕ್ತ ವಿಶ್ವವಿದ್ಯಾಲಯದಲ್ಲಿ ಪದವಿ ಓದುತ್ತಿರುವ ಗೃಹಿಣಿಯರು ಇದನ್ನು ಕೇಳುತ್ತಾರೆ. ನೇರವಾಗಿ ಹೇಳುತ್ತೇನೆ: ಇದು ಏಕಾಗ್ರತೆಯ ಸಮಸ್ಯೆಯೇ ಅಲ್ಲ, ಮನೆಯಲ್ಲಿ ಕೆಲಸ ಹಂಚಿಕೆಯಾಗದ ಸಮಸ್ಯೆ. ಯಾವ ಉಪಾಯವೂ ಅದನ್ನು ಪೂರ್ತಿ ಮುಚ್ಚುವುದಿಲ್ಲ. "ನನಗೆ ಓದಬೇಕು" ಎಂದರೆ ಮನೆಯಲ್ಲಿ ಯಾರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. "ಸಂಜೆ ಏಳರಿಂದ ಏಳೂವರೆ ತನಕ ಮಗುವನ್ನು ನೀವು ನೋಡಿಕೊಳ್ಳಿ, ನಾನು ಒಳಗೆ ಕೂತಿರುತ್ತೇನೆ" ಎಂದು ಗಂಡನಿಗೆ ಹೇಳಿ ನೋಡಿ. ಕೇಳಿದ್ದು ಇಂಥದ್ದೇ ಎಂದು ಗೊತ್ತಾದರೆ ಇಲ್ಲ ಎನ್ನುವುದು ಅವರಿಗೂ ಕಷ್ಟ.

ಇನ್ನೊಂದು ದಾರಿ, ಗಡಿಯಾರ ಬಿಟ್ಟು ಮನೆಯ ಕೆಲಸಕ್ಕೇ ಓದನ್ನು ಕಟ್ಟಿಹಾಕುವುದು. ಬೆಳಿಗ್ಗೆ ಹತ್ತಕ್ಕೆ ಎಂದರೆ ಹತ್ತಕ್ಕೇ ನೆಂಟರು ಬಂದಿರುತ್ತಾರೆ. "ಮಧ್ಯಾಹ್ನದ ಪಾತ್ರೆ ತೊಳೆದು ಕೈ ಒರೆಸಿಕೊಂಡ ಕೂಡಲೇ ಎರಡು ಪುಟ" ಎಂದರೆ ಹಬ್ಬವಿರಲಿ ಜಾತ್ರೆಯಿರಲಿ ಪಾತ್ರೆ ಇದ್ದೇ ಇರುತ್ತದೆ. ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ ಎಂದು ಮೊದಲೇ ನಿಶ್ಚಯಿಸಿಕೊಂಡವರು ಕೆಲಸ ಮುಗಿಸುವುದು ಹೆಚ್ಚು ಎಂದು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ ಅವರ ಬಹಳ ವರ್ಷದ ಸಂಶೋಧನೆ ಹೇಳುತ್ತದೆ.

ಐದು ನಿಮಿಷ ರೀಲ್ಸ್ ನೋಡ್ತೀನಿ ಅಂತ ಕೂತ್ರೆ ಒಂದೂವರೆ ಗಂಟೆ ಹೋಗಿರುತ್ತೆ.

ವಾಪಸ್ ಬರುವ ದಿನ ಬೆಳಗಿನ ಮೊದಲ ಕೆಲಸ ಮುಗಿಯುವ ತನಕ ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಅಲಾರಂಗೆ ಬೇಕು ಎನ್ನುವವರು ಒಂದು ಅಲಾರಂ ಗಡಿಯಾರ ಕೊಳ್ಳಿ. ದಿನವಿಡೀ ಬಿಡುತ್ತೇನೆ ಎಂಬ ಶಪಥ ಬೇಡ, ಅದು ಸಂಜೆಗೆ ಮುರಿಯುತ್ತದೆ.

## ಮತ್ತೆ ಮತ್ತೆ ಬಿದ್ದು ಎದ್ದವರ ಪ್ರಶ್ನೆಗಳು

ಪ್ರತಿ ಸಲ ವಾಪಸ್ ಬರ್ತೀನಿ, ಸ್ವಲ್ಪ ದಿನ ಚೆನ್ನಾಗಿರುತ್ತೆ, ಮತ್ತೆ ಕೈಬಿಟ್ಟೋಗುತ್ತೆ. ಯಾಕೆ ಹೀಗೆ?

ಕೈಬಿಟ್ಟ ದಿನದ ಹಿಂದಿನ ದಿನವನ್ನು ನೋಡಿ. ಎಷ್ಟು ಹೊತ್ತಿಗೆ ಮಲಗಿದಿರಿ, ಏನು ಓದುತ್ತಿದ್ದಿರಿ, ಯಾವ ಸಾಲಿನಲ್ಲಿ ಪುಸ್ತಕ ಮುಚ್ಚಿದಿರಿ. ಮೂರು ನಾಲ್ಕು ಸಲದ್ದು ಬರೆದಿಟ್ಟರೆ ಕಾರಣ ತಾನಾಗಿ ಕಾಣುತ್ತದೆ.

ಹೆಚ್ಚಿನವರಲ್ಲಿ ನಾನು ಕಂಡದ್ದು ಒಂದೇ: ಅವರು ನಿಲ್ಲುವುದು ಗೊತ್ತಾಗದ ಜಾಗದಲ್ಲಿ. ಹುಡುಗನೊಬ್ಬ ಸಂವಿಧಾನ, ಭೂಗೋಳ ಎಲ್ಲವನ್ನೂ ಸಲೀಸಾಗಿ ಓದಿಕೊಂಡು ಬರುತ್ತಿದ್ದ. ಶೇಕಡಾವಾರು ಲೆಕ್ಕಕ್ಕೆ ಬಂದಾಗಲೆಲ್ಲ ಅವನಿಗೆ ತಲೆನೋವು, ಊರಿಗೆ ಹೋಗುವ ಕೆಲಸ, ಗೆಳೆಯನ ಮದುವೆ. ತನಗೆ ಶಿಸ್ತಿಲ್ಲ ಎಂದೇ ಅವನು ನಂಬಿದ್ದ. ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಮಾಡಿಸಿದಾಗ ಗೊತ್ತಾಯಿತು, ಅವನಿಗೆ ಏಳನೇ ತರಗತಿಯ ಭಿನ್ನರಾಶಿಯೇ ಸರಿಯಾಗಿ ಬರುತ್ತಿರಲಿಲ್ಲ. ಶಾಲೆಯ ಪಠ್ಯಪುಸ್ತಕದಿಂದ ಅದೊಂದನ್ನು ಕಲಿತ. ಆಮೇಲೆ ಆ ಪಾಠದ ಹತ್ತಿರ ಬಂದಾಗ ತಲೆನೋವು ಬರಲಿಲ್ಲ. ನಿಮ್ಮ ಬೇಜಾರಿನ ಹಿಂದೆಯೂ ಇಂಥದ್ದೊಂದು ಭಿನ್ನರಾಶಿ ಕೂತಿರಬಹುದು. ಅದನ್ನು ಹುಡುಕಿ, ಗೊತ್ತಿರುವವರನ್ನು ಕೇಳಿ.

ದಿನದ ಓದು ನಿಲ್ಲಿಸೋವಾಗ ಒಂದು ಚೀಟಿ ಬರೆದಿಡಿ ಅಂತ ಯಾವಾಗ್ಲೂ ಹೇಳ್ತೀರಲ್ಲ, ಅದರಲ್ಲಿ ಏನ್ ಬರೀಬೇಕು?

ಹೀಗೆ: "ಅನುಪಾತ, 14ನೇ ಲೆಕ್ಕ ಆಯಿತು. 15ರಲ್ಲಿ ಮೂರನೇ ಸಾಲಿಗೆ ಗುಣಿಸಬೇಕೋ ಭಾಗಿಸಬೇಕೋ ಗೊತ್ತಾಗಲಿಲ್ಲ. ನಾಳೆ ಮೊದಲು ಉದಾಹರಣೆ 6 ನೋಡಿ 15 ಮಾಡು." ಎಲ್ಲಿ ನಿಂತೆ, ಯಾಕೆ ನಿಂತೆ, ಮುಂದಿನ ಹೆಜ್ಜೆ ಏನು. ಅದನ್ನು ಪುಸ್ತಕದ ಅದೇ ಪುಟದಲ್ಲಿ ಇಡಿ.

ಇದನ್ನು ಪ್ರತಿ ದಿನ ಬರೆಯಬೇಕು, ಯಾಕೆಂದರೆ ಯಾವ ದಿನದ ನಂತರ ಅಂತರ ಬೀಳುತ್ತದೆ ಎಂದು ಮೊದಲೇ ಗೊತ್ತಿರುವುದಿಲ್ಲ. ರಾತ್ರಿ ಫೋನ್ ಬರುತ್ತದೆ, ಊರಲ್ಲಿ ಯಾರಿಗೋ ಹುಷಾರಿಲ್ಲ, ಒಂದು ವಾರ ಹೋಗುತ್ತದೆ. ವಾಪಸ್ ಬಂದಾಗ ಚೀಟಿ ಇದ್ದರೆ ಎರಡು ನಿಮಿಷದಲ್ಲಿ ಕೆಲಸ ಕೈಗೆ ಹತ್ತುತ್ತದೆ. ಇಲ್ಲದಿದ್ದರೆ "ಎಲ್ಲಿದ್ದೆ ನಾನು" ಎಂದು ಹಿಂದಿನ ಪುಟ ತಿರುವುವುದರಲ್ಲೇ ಉತ್ಸಾಹ ಇಳಿದುಹೋಗುತ್ತದೆ. ಇನ್ನೊಂದು ಲಾಭವೂ ಇದೆ. ಮುಗಿಯದ ಕೆಲಸ ಬೇರೆ ಕೆಲಸದ ನಡುವೆ ತಲೆಗೆ ನುಗ್ಗಿ ಕಾಡುತ್ತದೆ, ಅದನ್ನು ಮುಂದೆ ಹೇಗೆ ಮಾಡುತ್ತೇನೆ ಎಂದು ಖಚಿತವಾಗಿ ಪ್ಲಾನ್ ಮಾಡಿಟ್ಟರೆ ಆ ಕಾಟ ಕಡಿಮೆಯಾಗುತ್ತದೆ ಎಂದು ಮನಶ್ಶಾಸ್ತ್ರಜ್ಞರಾದ ಮಸಿಕಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ಕಂಡುಕೊಂಡರು. ಮದುವೆಮನೆಗೆ ಹೋದವರ ಮನಸ್ಸೂ ಮದುವೆಮನೆಯಲ್ಲೇ ಇರಬಹುದು.

ಈ ಪುಟದಲ್ಲಿರುವ ಎಲ್ಲದರಲ್ಲಿ ಒಂದನ್ನೇ ಮಾಡುತ್ತೇನೆ ಎನ್ನುವವರಿಗೆ ನಾನು ಹೇಳುವುದು ಈ ಚೀಟಿಯನ್ನೇ.

ಎರಡು ಮೂರು ವರ್ಷದಿಂದ ಇದೇ ಗುರಿ, ಇದೇ ಕಥೆ. ಗುರಿಯನ್ನೇ ಬಿಟ್ಬಿಡ್ಲಾ?

ಬಿಡುವುದು ತಪ್ಪಲ್ಲ. ಆದರೆ ಬಿದ್ದ ವಾರದಲ್ಲಿ ಆ ತೀರ್ಮಾನ ಮಾಡಬೇಡಿ, ಆ ವಾರ ಎಲ್ಲವೂ ಬೇಡ ಅನ್ನಿಸುತ್ತದೆ. ಮುಂದೆ ಒಂದು ತಾರೀಖು ಗೊತ್ತುಮಾಡಿಕೊಳ್ಳಿ, ಅಲ್ಲಿಯವರೆಗೆ ಕೆಲಸ ಮಾಡಿ, ಅವತ್ತು ಕೂತು ಯೋಚಿಸಿ. ಓದಿದ ದಿನಗಳಲ್ಲಿ ಓದು ಹಿತವಾಗಿತ್ತಾ? ಈ ಗುರಿ ನಿಮ್ಮದಾ, ಮನೆಯವರದ್ದಾ? ಹಿತವೂ ಇಲ್ಲ, ನಿಮ್ಮದೂ ಅಲ್ಲ ಎಂದಾದರೆ ಬಿಡಿ, ಬಿಟ್ಟು ಏನು ಹಿಡಿಯುತ್ತೀರಿ ಎಂಬುದನ್ನೂ ಅವತ್ತೇ ನಿರ್ಧರಿಸಿ.

ಇದು ಸೋಮಾರಿತನವೋ ಇಲ್ಲಾ ಬೇರೆ ಏನಾದ್ರೂ ಕಾಯಿಲೆಯೋ?

ಎರಡು ವಾರಕ್ಕಿಂತ ಹೆಚ್ಚು ಕಾಲ, ದಿನದ ಬಹುಪಾಲು ಹೊತ್ತು ಮನಸ್ಸು ಕುಗ್ಗಿದ್ದರೆ, ಮೊದಲು ಇಷ್ಟವಾಗುತ್ತಿದ್ದದ್ದು ಯಾವುದೂ ಈಗ ಬೇಡವಾಗಿದ್ದರೆ, ನಿದ್ದೆ ಅಥವಾ ಹಸಿವು ಏರುಪೇರಾಗಿದ್ದರೆ ಈ ಪುಟದ ಉಪಾಯಗಳನ್ನು ಬದಿಗಿಡಿ, ವೈದ್ಯರನ್ನು ಕಾಣಿ. ರಕ್ತಹೀನತೆ, ಥೈರಾಯ್ಡ್ ತೊಂದರೆಯೂ ಇಂಥದ್ದೇ ಸುಸ್ತು ತರುತ್ತವೆ, ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಶಿವಮೊಗ್ಗದಲ್ಲಾದರೆ ಮೆಗ್ಗಾನ್ ಆಸ್ಪತ್ರೆಗೆ ಹೋಗಬಹುದು. ಊರಿಂದ ಬರಲಾಗದವರು ಸರ್ಕಾರದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರಿಂದ ನಡೆಯುತ್ತಿದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಬದುಕೇ ಬೇಡ ಎಂಬ ಯೋಚನೆ ಬಂದಿದ್ದರೆ ದಯವಿಟ್ಟು ಇವತ್ತೇ ಕರೆ ಮಾಡಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ.

ಮಗ ಒಂದು ವಾರದಿಂದ ಪುಸ್ತಕ ಮುಟ್ಟಿಲ್ಲ. ಅಪ್ಪನಾಗಿ ನಾನು ಏನ್ ಹೇಳ್ಲಿ?

"ಇಷ್ಟು ದಿನ ಏನು ಮಾಡಿದೆ" ಎಂದು ಕೇಳಬೇಡಿ. ಅದಕ್ಕೆ ಅವನ ಹತ್ತಿರ ಉತ್ತರ ಇಲ್ಲ, ಅದು ಅವನಿಗೂ ಗೊತ್ತು. "ಎಲ್ಲಿಗೆ ನಿಂತಿದೆ" ಎಂದು ಕೇಳಿ. ಇದಕ್ಕೆ ಉತ್ತರಿಸಬೇಕಾದರೆ ಅವನು ಪುಸ್ತಕ ತೆರೆದು ನೋಡಲೇಬೇಕು. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದ ದೊಡ್ಡಪ್ಪನ ಮಗನ ಸುದ್ದಿ ಆ ವಾರ ಎತ್ತಬೇಡಿ. ಅರ್ಜಿಯ ಕೊನೆಯ ದಿನ, ಶುಲ್ಕ, ಹಾಲ್ ಟಿಕೆಟ್ ಇಂಥದ್ದೇನಾದರೂ ಹತ್ತಿರವಿದ್ದರೆ ಅದನ್ನು ಮಾತ್ರ ನೆನಪಿಸಿ. ತೋಟಕ್ಕೋ ಪೇಟೆಗೋ ಹೋಗುವಾಗ ಜೊತೆಗೆ ಕರೆದುಕೊಂಡು ಹೋಗಿ. ಅವನಾಗಿ ಮಾತು ತೆಗೆದರೆ ಪೂರ್ತಿ ಹೇಳಿ ಮುಗಿಸಲು ಬಿಡಿ, ನಡುವೆ ಬಾಯಿ ಹಾಕಬೇಡಿ.